ಒಂದು ಏಟು, ಎರಡು ಕೆನ್ನೆ

ಮನುಷ್ಯನಿಗೆ ಎರಡು ಮೊಣಕೈಗಳಿವೆ ಎಂಬ ಸಂಗತಿಯನ್ನು ಸಿನಿಮಾ ಮಂದಿರ ಕಟ್ಟುವವರಿಗೆ ಯಾರೂ ತಿಳಿಸಿದಂತಿಲ್ಲ. ಎರಡು ಕುರ್ಚಿಗಳ ನಡುವೆ ಒಂದೇ ಒಂದು ಕೈಯಾಸರೆ ಇಟ್ಟು, ಅದರ ಆಚೆಗೊಬ್ಬನನ್ನೂ ಈಚೆಗೊಬ್ಬನನ್ನೂ ಕೂರಿಸಿ, ದೀಪ ಆರಿಸಿ ಹೊರಟುಬಿಡುತ್ತಾರೆ. ಆಮೇಲೆ ಎರಡೂವರೆ ಗಂಟೆ ಕತ್ತಲಲ್ಲಿ ನಡೆಯುವ ಗಡಿ ವ್ಯಾಜ್ಯವನ್ನು ಕೇಳುವವರೇ ಇಲ್ಲ. ಕಳೆದ ಭಾನುವಾರ ಹಾಸನದ ಚಿತ್ರಮಂದಿರವೊಂದರಲ್ಲಿ ಮ್ಯಾಟಿನಿ ನೋಡಲು ಕೂತಾಗ ನನ್ನ ಬಲಗೈಗೂ ನನ್ನ ಗೆಳೆಯ ನಿಂಗರಾಜುವಿನ ಎಡಗೈಗೂ ಇದೇ ವ್ಯಾಜ್ಯ ಹತ್ತಿತು. ಅವನು ನಿವೃತ್ತ ಬಸ್ ಕಂಡಕ್ಟರ್. ತುಂಬಿದ ಬಸ್ಸಿನಲ್ಲಿ ಜನರನ್ನು ಸೀಳಿಕೊಂಡು ಹಿಂದಿನಿಂದ ಮುಂದಕ್ಕೆ ಹೋಗಿ ಹೋಗಿ ಪಳಗಿದ ಮೊಣಕೈ ಅವನದು. ನಾನು ನಿವೃತ್ತ ಮೇಷ್ಟ್ರು. ನನ್ನದು ಮೇಜಿನ ಮೇಲೆ ಸುಖವಾಗಿ ಒರಗಿ ಆಯುಷ್ಯ ಕಳೆದ ಮೊಣಕೈ. ಯಾರು ಗೆದ್ದರೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಚಿತ್ರ ಇಬ್ಬರು ಗೆಳೆಯರದು. ಒಬ್ಬ ಉದ್ದ, ಒಬ್ಬ ಗಿಡ್ಡ. ಸಿನಿಮಾದವರ ಲೆಕ್ಕದಲ್ಲಿ ಸಮ ಎತ್ತರದವರು ಸ್ನೇಹ ಮಾಡುವಂತಿಲ್ಲ. ಮಾಡದ ತಪ್ಪಿಗೆ ಇಬ್ಬರೂ ಜೈಲು ಸೇರುತ್ತಾರೆ. ಅಲ್ಲಿನ ಅಡುಗೆಮನೆಯಲ್ಲಿ ಸಾರಿಗೆ ಉಪ್ಪು ಸುರಿದು ಜೈಲರನ ರಕ್ತದೊತ್ತಡ ಏರಿಸುತ್ತಾರೆ, ಅನ್ನ ಬೇಯಿಸುವ ಕೊಪ್ಪರಿಗೆಯೊಳಗೆ ಕೂತು ಪರಾರಿಯಾಗುತ್ತಾರೆ, ಆ ಕೊಪ್ಪರಿಗೆ ಹೊತ್ತ ಲಾರಿ ನೇರವಾಗಿ ಪೊಲೀಸ್ ಅಧಿಕಾರಿಯ ಮಗಳ ಮದುವೆ ಚಪ್ಪರದ ಮುಂದೆ ನಿಲ್ಲುತ್ತದೆ. ಜೈಲು ಇಷ್ಟು ಸೊಗಸಾಗಿರುತ್ತದೆಂದು ಮೊದಲೇ ಗೊತ್ತಿದ್ದರೆ ನಾನು ಮೇಷ್ಟ್ರ ಕೆಲಸಕ್ಕೆ ಅರ್ಜಿಯನ್ನೇ ಹಾಕುತ್ತಿರಲಿಲ್ಲ. ಕೊನೆಯಲ್ಲಿ ಸಿಕ್ಕಿಬಿದ್ದಾಗ, ಇದೆಲ್ಲ ಯಾರು ಮಾಡಿದ್ದೆಂದು ಅಧಿಕಾರಿ ಗುಡುಗುತ್ತಾನೆ. ಉದ್ದನೆಯವನು ಒಂದು ಹೆಜ್ಜೆ ಮುಂದಿಟ್ಟು ‘ನಾನೇ’ ಅನ್ನುತ್ತಾನೆ. ಗಿಡ್ಡನೆಯವನು ಎರಡು ಹೆಜ್ಜೆ ಮುಂದಿಟ್ಟು ‘ಇಲ್ಲ, ನಾನೇ’ ಅನ್ನುತ್ತಾನೆ. ಮಂದಿರದ ತುಂಬ ಶಿಳ್ಳೆ, ಚಪ್ಪಾಳೆ. ನಿಂಗರಾಜು ಟವೆಲಿನಿಂದ ಕಣ್ಣೊರೆಸಿಕೊಂಡು, ಸೋತು ತೊಡೆಯ ಮೇಲೆ ಬಿದ್ದಿದ್ದ ನನ್ನ ಕೈಯನ್ನು ಒತ್ತಿ ಹಿಡಿದ.

“ನೋಡ್ದೇನ್ಲಾ, ನಮ್ದೇ ಕತೆ ತಗ್ದವ್ರೆ!”

ಗಾಬರಿಯಾಗಬೇಡಿ. ಹೌದು, ನಾವೂ ಒಳಗಿದ್ದವರೇ, ಅದೂ ಅರ್ಧ ದಿನದ ಮಟ್ಟಿಗೆ. ಆಗ ನಮಗಿನ್ನೂ ಇಪ್ಪತ್ತೈದರ ಆಸುಪಾಸು. ಹಾಸನದ ಒಂದೇ ಬೀದಿಯ ಹುಡುಗರು. ನಿಂಗರಾಜು ಆಲೂಗೆಡ್ಡೆ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ನಾನು ಚನ್ನರಾಯಪಟ್ಟಣದ ಕಡೆಯ ಒಂದು ಹೈಸ್ಕೂಲಿಗೆ ಆಯ್ಕೆಯಾಗಿ, ನೇಮಕದ ಆರ್ಡರಿಗಾಗಿ ಪೋಸ್ಟ್‌ಮ್ಯಾನ್‌ನ ಸೈಕಲ್ ಬೆಲ್ಲಿಗೆ ಕಿವಿಗೊಟ್ಟು ಕೂತಿದ್ದೆ. ಯುಗಾದಿ ಬಂತು. ನಮ್ಮ ಕಡೆ ಯುಗಾದಿಯ ಒಬ್ಬಟ್ಟು ಹೊಟ್ಟೆಯೊಳಗೆ ಕರಗುವ ಮೊದಲೇ ಮರುದಿನ ವರ್ಷತೊಡಕು ಬಂದುಬಿಡುತ್ತದೆ. ಬೀದಿಯವರೆಲ್ಲ ಸೇರಿ ಒಂದು ಟಗರು ತಂದು ಕುಯ್ದು, ಬಾಡನ್ನು ಗುಡ್ಡೆ ಗುಡ್ಡೆಯಾಗಿ ಹಾಕಿ ಮನೆಗಿಷ್ಟೆಂದು ಹಂಚಿಕೊಳ್ಳುವುದು ಪದ್ಧತಿ. ಆ ವರ್ಷ ಕೊಣನೂರು ಸಂತೆಯಿಂದ ಟಗರು ತರುವ ಭಾರ ನಮ್ಮಿಬ್ಬರ ಮೇಲೆ ಬಿತ್ತು. ನಿಂಗರಾಜುವನ್ನು ಕುರಿಯ ಹಲ್ಲು ನೋಡಿ ವಯಸ್ಸು ಹೇಳಬಲ್ಲನೆಂದು ಕಳಿಸಿದರು, ನನ್ನನ್ನು ಓದಿದವನೆಂದು ಕಳಿಸಿದರು.

ಒಳ್ಳೆಯ ಕಪ್ಪು ಟಗರೇ ಸಿಕ್ಕಿತು. ಬಾಡಿಗೆ ಟೆಂಪೋಗೆ ಹತ್ತಿಸಿ, ಅದನ್ನು ಕಟ್ಟುವ ಕೆಲಸ ನಾನು ವಹಿಸಿಕೊಂಡೆ. ನನ್ನ ಗಂಟಿನ ಯೋಗ್ಯತೆ ಅರಕಲಗೂಡು ಇನ್ನೂ ದೂರವಿರುವಾಗಲೇ ತಿಳಿಯಿತು. ಒಂದು ಹಳ್ಳಿಯಲ್ಲಿ ಟೀ ಕುಡಿದು ಬರುವಷ್ಟರಲ್ಲಿ ಟೆಂಪೋದಲ್ಲಿ ಹಗ್ಗವಿತ್ತು, ಟಗರಿರಲಿಲ್ಲ. ನಿಂಗರಾಜು ಕೆರೆಯ ಕಡೆ ಓಡಿದ, ನಾನು ಊರೊಳಗೆ ಓಡಿದೆ. ಅರಳಿಕಟ್ಟೆಯ ಹತ್ತಿರ ನಿಂತಿತ್ತು ನೋಡಿ, ಕಪ್ಪು ಟಗರು! ಹತ್ತಿರ ಹೋದರೆ ಓಡಲಿಲ್ಲ, ಹಾಯಲಿಲ್ಲ. ನನ್ನ ಕೈಯಲ್ಲಿದ್ದ ಬನ್ನಿನ ಚೂರನ್ನು ತಿಂದು, ಇನ್ನೂ ಇದೆಯೇ ಎಂಬಂತೆ ನನ್ನ ಹಿಂದೆಯೇ ನಡೆದುಬಂತು. ಪ್ರಾಣಿಗಳಿಗೂ ವಿದ್ಯಾವಂತರ ಗುರುತು ಹತ್ತುತ್ತದೆಂದು ಹಿಗ್ಗಿದೆ. ಅಷ್ಟರಲ್ಲಿ ನಿಂಗರಾಜು ಏದುಸಿರು ಬಿಡುತ್ತ ವಾಪಸು ಬಂದ.

“ಇದ್ರ ಅಣೇಲಿ ಅರಿಸ್ನ ಕುಂಕ್ಮ ಐತಲ್ಲೋ. ನಮ್ದುಕ್ಕೆ ಇರ್ಲಿಲ್ಲ ಕಣ್ಲಾ.”

“ಇತ್ತು, ನೀನು ಸರಿಯಾಗಿ ನೋಡಿಲ್ಲ. ಮಾರಿದವನು ಪೂಜೆ ಮಾಡಿ ಮಾರಿರ್ತಾನೆ,” ಎಂದೆ. ಪದವಿ ಪಡೆದವನು ಹೇಳಿದ ಮೇಲೆ ಮೂಟೆ ಹೊರುವವನು ಏನು ತಾನೆ ಹೇಳಿಯಾನು? ಇಬ್ಬರೂ ಸೇರಿ ಅದನ್ನು ಟೆಂಪೋಗೆ ಎತ್ತಿದೆವು.

ಅದು ಆ ಊರಿನ ಅಮ್ಮನಿಗೆ ಬಿಟ್ಟಿದ್ದ ಟಗರು. ದೇವರಿಗೆ ಬಿಟ್ಟ ಪ್ರಾಣಿಯನ್ನು ಯಾರೂ ಕಟ್ಟುವುದಿಲ್ಲ, ಹೊಡೆಯುವುದಿಲ್ಲ, ಯಾರ ಹೊಲಕ್ಕೆ ನುಗ್ಗಿದರೂ ಅಮ್ಮನೇ ಬಂದಳೆಂದು ಕೈಮುಗಿಯುತ್ತಾರೆ. ಹುಟ್ಟಿದಂದಿನಿಂದ ಒಬ್ಬರ ಕೈಯಲ್ಲೂ ಏಟು ತಿನ್ನದ ಜೀವಕ್ಕೆ ಯಾರನ್ನು ಕಂಡರೂ ಭಯವಿರಲಿಲ್ಲ, ಅಷ್ಟೇ. ನನ್ನ ವಿದ್ಯೆಗೂ ಅದಕ್ಕೂ ಏನೂ ಸಂಬಂಧವಿರಲಿಲ್ಲ.

“ಅಯ್ಯೋ ನಿಮ್ ಕೈ ಸೇದೋಗ! ಅಮ್ಮನ್ ಮರೀನ ತೊಡಕಿಗೆ ಕುಯ್ಯಕ್ ಒಂಟವ್ರಲ್ಲಪ್ಪೋ!” ಎಂದು ಒಬ್ಬ ಅಜ್ಜಿ ಕೂಗಿದ್ದೇ ತಡ, ಊರಿಗೆ ಊರೇ ಸೇರಿತು. ಟಗರು ಕೆಳಗಿಳಿಯಿತು, ಟೆಂಪೋದವನು ತನಗೂ ನಮಗೂ ಪರಿಚಯವೇ ಇಲ್ಲದಂತೆ ಹೊರಟುಹೋದ, ನಾವು ಆ ಊರಿನ ಪೊಲೀಸ್ ಹೊರಠಾಣೆಯ ಎರಡು ಕೋಣೆಗಳಲ್ಲಿ ಒಬ್ಬೊಬ್ಬರಾಗಿ ಕೂತೆವು. ತಪ್ಪು ಮಾಡದವನ ಕಷ್ಟ ಏನೆಂದರೆ, ಅಂಥ ಹೊತ್ತಿನಲ್ಲಿ ಮುಖ ಹೇಗಿಟ್ಟುಕೊಳ್ಳಬೇಕೆಂದು ಅವನಿಗೆ ಗೊತ್ತಿರುವುದಿಲ್ಲ. ನಿಜವಾದ ಕಳ್ಳನಿಗೆ ಅಭ್ಯಾಸವಿರುತ್ತದೆ. ನನ್ನ ಮುಖ ನೋಡಿದ ಠಾಣೆಯ ದಫೇದಾರರು ನಾನು ಹಳೇ ಕಳ್ಳನೇ ಇರಬೇಕೆಂದು ತೀರ್ಮಾನಿಸಿದಂತಿತ್ತು.

ಮೊದಲ ಸರದಿ ನನ್ನದೇ ಆಯಿತು. ಟಗರು ಹಿಡಿದವರು ಯಾರೆಂದು ಕೇಳಿದರು. ಠಾಣೆಯ ಪುಸ್ತಕದಲ್ಲಿ ಹೆಸರು ಬಿದ್ದರೆ ಮೇಷ್ಟ್ರ ಕೆಲಸ ಗೋವಿಂದ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು.

“ಅವನೇ ಸಾರ್, ನಿಂಗರಾಜು. ನಾನು ಬೇಡ ಅಂದೆ ಸಾರ್. ನನಗೆ ಕುರಿ ವಿಚಾರ ಏನೂ ಗೊತ್ತಿಲ್ಲ ಸಾರ್.”

ಇದರಲ್ಲಿ ನಿಜವಾದ ಮಾತೆಂದರೆ ಕೊನೆಯದೊಂದೇ. ದಫೇದಾರರು ಪಕ್ಕದ ಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಒಂದು ಏಟಿನ ಸದ್ದು ಕೇಳಿತು. ನಾನು ನೆಲ ನೋಡುತ್ತ ಕೂತೆ.

ಸಂಜೆಗೆ ನಮ್ಮ ನಿರ್ದೋಷಿತ್ವ ತಾನಾಗಿಯೇ ಸಾಬೀತಾಯಿತು. ಸಂತೆಯಲ್ಲಿ ಕೊಂಡ ನಮ್ಮ ಟಗರು ಠಾಣೆಯ ಹಿತ್ತಲಲ್ಲೇ ಪತ್ತೆಯಾಯಿತು. ದಫೇದಾರರು ಕೈಯಾರೆ ನೀರು ಹೊಯ್ದು ಬೆಳೆಸಿದ್ದ ಬೆಂಡೆಗಿಡಗಳಲ್ಲಿ ಆಗ ಉಳಿದಿದ್ದದ್ದು ಮೂರೋ ನಾಲ್ಕೋ. ಆ ಪುಣ್ಯಾತ್ಮರಿಗೆ ನಮ್ಮ ಅಪರಾಧದ ಮೇಲೆ ಬಂದಿದ್ದ ಸಿಟ್ಟಿಗಿಂತ ಆ ಸಾಕ್ಷ್ಯದ ಮೇಲೆ ಬಂದ ಸಿಟ್ಟು ದೊಡ್ಡದು. ಪುಸ್ತಕದಲ್ಲಿ ಏನೂ ಬರೆಯದೆ ಟಗರು ಸಮೇತ ನಮ್ಮನ್ನು ಹೊರದಬ್ಬಿದರು.

ಮುಂದಿನ ವರ್ಷ ನಿಂಗರಾಜುವಿಗೆ ಹೊಳೆನರಸೀಪುರದ ಜಯಮ್ಮನೊಂದಿಗೆ ಮದುವೆಯಾಯಿತು. ಹೊಸ ಹೆಂಡತಿಗೆ ಅವನು ಈ ಕಥೆ ಹೇಳುವಾಗ ನಾನೂ ಎದುರಿಗೇ ಕೂತಿದ್ದೆ. “ನಮ್ ಮೇಷ್ಟ್ರು ಏನಂದ ಗೊತ್ತಾ? ಎಲ್ಲಾ ನಾನೇ ಮಾಡಿದ್ದು ಸಾ, ಅವನ್ನ ಬುಟ್ಬುಡಿ ಅಂದ್ಬುಟ್ಟ. ನನ್ಗೋಸ್ಕರ ಏಟು ತಿಂದ ಕಣೆ!” ಪೊಲೀಸರ ಕೈಲಿ ಏಟು ತಿಂದೆನೆಂದು ಹೊಸ ಹೆಂಡತಿಯೆದುರು ಹೇಳಲು ನಾಚಿ, ಏಟನ್ನು ನನ್ನ ಕೆನ್ನೆಗೆ ದಾಟಿಸುತ್ತಿದ್ದಾನೆ ಎಂದುಕೊಂಡೆ. ಗೆಳೆಯನ ಮಾನ ಉಳಿಸಲು ಒಂದು ಏಟನ್ನು ಹೊತ್ತುಕೊಂಡರೆ ಏನು ಗಂಟು ಹೋಗುತ್ತದೆ? ಹೊತ್ತುಕೊಂಡೆ. ವರ್ಷಗಳು ಕಳೆದಂತೆ ಆ ಕಥೆ ಬಂದಾಗಲೆಲ್ಲ ನನ್ನ ಕೈ ತಾನಾಗಿ ಎಡಗೆನ್ನೆಯನ್ನು ಸವರುವ ಮಟ್ಟಕ್ಕೆ ಬಂತು. ಚಳಿಗಾಲದಲ್ಲಿ ಅಲ್ಲಿ ಸ್ವಲ್ಪ ಜುಮ್ಮೆನ್ನುತ್ತದೆಂದೂ ಒಮ್ಮೆ ಹೇಳಿದ್ದುಂಟು, ದೇವರು ಕ್ಷಮಿಸಲಿ.

ಅಂದಿನಿಂದ ಜಯಮ್ಮನಿಗೆ ನಾನು ಅಣ್ಣ. ಒಡಹುಟ್ಟಿದವರಿಲ್ಲದ ನನಗೆ ತಂಗಿಯೊಬ್ಬಳು ಸಿಕ್ಕಿದ್ದು ಆ ಕಥೆಯಿಂದ. ಅದು ಸುಳ್ಳೆಂದು ಹೊರಬಿದ್ದರೆ ಆ ಮನೆಯಲ್ಲಿ ನನ್ನ ಜಾಗ ಏನಾಗುತ್ತದೆಂಬ ಭಯ ನನ್ನನ್ನು ಬಿಟ್ಟದ್ದೇ ಇಲ್ಲ. ಆದರೆ ಭಾನುವಾರ, ಪರದೆಯ ಮೇಲೆ ಆ ಇಬ್ಬರು ‘ನಾನೇ, ನಾನೇ’ ಎಂದು ಮುಂದೆ ಬಂದಾಗ, ಮಂದಿರದಲ್ಲಿ ಚಪ್ಪಾಳೆ ತಟ್ಟದೆ ಕೂತವನು ನಾನೊಬ್ಬನೇ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಚಿತ್ರ ಮುಗಿಸಿ ಅವನ ಮನೆಗೆ ಹೋದೆವು. ಜಯಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ನಿಂಗರಾಜು ಚಿತ್ರದ ಕಥೆಯಿಂದ ಶುರುಮಾಡಿ, ಕೊಪ್ಪರಿಗೆ ದಾಟಿ, ಸಹಜವಾಗಿ ನಮ್ಮ ಟಗರಿಗೆ ಬಂದ. “ಆವಾಗ ನಮ್ ಮೇಷ್ಟ್ರು...” ಅನ್ನುವಷ್ಟರಲ್ಲಿ ನಾನು ತಡೆದೆ.

“ಇಲ್ಲಮ್ಮ. ನಾನು ಹಾಗೆ ಹೇಳಲಿಲ್ಲ. ಗಂಟು ಹಾಕಿದ್ದು ನಾನು, ತಪ್ಪು ಟಗರು ಹಿಡಿದದ್ದು ನಾನು. ಠಾಣೆಯಲ್ಲಿ ಎಲ್ಲಾ ಇವನೇ ಮಾಡಿದ್ದು ಅಂದುಬಿಟ್ಟೆ. ಏಟು ಬಿದ್ದದ್ದು ನನಗಲ್ಲ, ಇವನಿಗೆ. ನಾನು ಇವನ ಹೆಸರು ಹೇಳಿದ್ದಕ್ಕೇ ಬಿತ್ತು.”

ಜಯಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದರು. ನಿಂಗರಾಜು ಟವೆಲು ಕೊಡವಿ ಹೆಗಲ ಮೇಲೆ ಹಾಕಿಕೊಂಡ.

“ಅದ್ಕೇ ಬಿದ್ದಿದ್ದಲ್ಲ ಕಣ್ಲಾ. ನೀನಂದಿದ್ದ ಆವಯ್ಯ ನಂಬಿರ್ಲಿಲ್ಲ. ‘ಅವ್ನು ಸುಳ್ಳೇಳ್ತಾವ್ನೆ, ಅವ್ನೇ ಇಡ್ದಿರೋನು, ನಿಜ ಏಳು, ನಿನ್ನ ಬಿಡ್ತೀನಿ’ ಅಂದ. ‘ಇಲ್ಲ ಸಾ, ನಾನೇ ಇಡ್ದಿದ್ದು, ಅವನ್ನ ಬುಟ್ಬುಡಿ’ ಅಂದೆ. ಆಗ ಬಿತ್ತು.”

“ನಾನು ಹೇಳಿದ್ದು ನಿನಗೆ ಗೊತ್ತಿತ್ತಾ?”

“ಆ ಅಡ್ಡಗೋಡೆ ಸೂರಿನ್ ಗಂಟ ಇರ್ಲಿಲ್ಲ ಕಣ್ಲಾ. ನೀನ್ ಅಂದಿದ್ದೆಲ್ಲಾ ಕೇಳುಸ್ತು.”

ಏಟಿನ ಸದ್ದು ನನಗೆ ಕೇಳಿಸಿದ ಗೋಡೆಯಾಚೆಗೆ ನನ್ನ ಮಾತೂ ಕೇಳಿಸಿರಬೇಕೆಂದು ಇಷ್ಟು ವರ್ಷ ಮಕ್ಕಳಿಗೆ ವಿಜ್ಞಾನ ಪಾಠ ಹೇಳಿದ ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಅವನು ಹೇಳುತ್ತ ಬಂದ ಕಥೆಯಲ್ಲಿ ಸುಳ್ಳೇ ಇರಲಿಲ್ಲ. ತನ್ನ ಹೆಸರಿದ್ದ ಕಡೆ ನನ್ನ ಹೆಸರು ಇಟ್ಟಿದ್ದ, ಅಷ್ಟೇ. ಯಾಕೆ ಹಾಗೆ ಮಾಡಿದೆಯೋ ಎಂದು ಕೇಳಿದೆ.

“ನಿನ್ಗೆ ಆರ್ಡರ್ ಬರೋದಿತ್ತು. ಮೂಟೆ ಎತ್ತೋನ್ ಎಸ್ರು ಟೇಸನ್‌ನಲ್ಲಿ ಇದ್ರೆ ಯಾರ್ ಕೇಳ್ತಾರೆ? ಇನ್ನ ಇವ್ಳಿಗೆ ಅಂಗೇಳಿದ್ದು... ನೀನು ದಿನಾ ಮನೆಗ್ ಬರೋನು. ಇದ್ದದ್ ಇದ್ದಂಗೆ ಏಳಿದ್ರೆ ಇವ್ಳು ನಿನ್ಗೆ ಒಂದ್ ಲೋಟ ಕಾಫಿನೂ ಕೊಡ್ತಿರ್ಲಿಲ್ಲ. ಇವ್ಳ ಬುದ್ಧಿ ನಂಗ್ ಗೊತ್ತಿಲ್ವಾ?”

ನಾನು ತಲೆ ತಗ್ಗಿಸಿ ಜಯಮ್ಮನ ತೀರ್ಪಿಗೆ ಕಾದೆ. ಅಂದಿನ ದಫೇದಾರರ ಮುಂದೆಯೂ ಅಷ್ಟು ಹೆದರಿರಲಿಲ್ಲ. ಜಯಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು, ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದುಕೊಂಡೆ. ಸೆರಗು ತೆಗೆದರೆ, ನಗು.

“ಅಂಗಾರೆ ಚಳಿಗಾಲ್ದಲ್ಲಿ ಕೆನ್ನೆ ಜುಮ್ಮನ್ನದು?”

“ಸುಳ್ಳಮ್ಮ.”

“ಅದುಕ್ಕೆ ನಾನು ಬೇವಿನೆಣ್ಣೆ ಕಾಯ್ಸಿ ಕೊಟ್ಟಿದ್ನಲ್ಲಣ್ಣ!”

“ಹಚ್ಚಿಕೊಂಡೆ, ಅದು ಮಾತ್ರ ನಿಜ.”

“ಈಗ್ ಸರ್ಯಾಗಿ ಏಳಿ, ಮೊದ್ಲಿಂದ,” ಎಂದು ಸೊಪ್ಪಿನ ಮೊರ ಪಕ್ಕಕ್ಕೆ ಸರಿಸಿ ಕೂತರು.

ಸಂತೆಯಿಂದ ಶುರುಮಾಡಿದೆ. ಗಂಟು ಸಡಿಲವಾದದ್ದಕ್ಕೆ ನಕ್ಕರು, ಬನ್ನಿಗೆ ನಕ್ಕರು, ಅಜ್ಜಿಯ ಬೈಗುಳಕ್ಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಏಟಿನ ಹತ್ತಿರ ಬಂದಾಗ ಅಭ್ಯಾಸಬಲದಿಂದ ನನ್ನ ಕೈ ನನ್ನ ಕೆನ್ನೆಯ ಕಡೆ ಹೊರಟಿತ್ತು. ತಡೆದು ನಿಂಗರಾಜುವಿನ ಕಡೆ ತೋರಿಸಿದೆ.

“ಅಷ್ಟೇನ್ ಜೋರಾಗ್ ಬಿದ್ದಿರ್ಲಿಲ್ಲ ಕಣೆ,” ಎಂದ ಅವನು.

ಜಯಮ್ಮನ ನಗು ನಿಂತಿತು. ಎದ್ದು ಹೋಗಿ, ಸೊಪ್ಪಿನ ಹಸಿ ಹತ್ತಿದ ಕೈಯನ್ನು ಸೀರೆಗೆ ಒರೆಸಿಕೊಂಡು, ಗಂಡನ ಕೆನ್ನೆ ಮುಟ್ಟಿ ನೋಡಿದರು.