ನಂಜಮ್ಮನ ದ್ರಾಕ್ಷಿ ಎಲೆ

ಯಲಹಂಕದಿಂದ ದಿನಾ ಬೆಳಿಗ್ಗೆ ರೈಲಿನಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ಒಂದು ದಿನ ಎದುರಿಗೆ ದ್ರಾಕ್ಷಿ ಬುಟ್ಟಿ ಇಟ್ಟುಕೊಂಡು ಕೂತಿದ್ದ, ಪಕ್ಕದ ಕೋಗಿಲು ಊರಿನ ನಂಜಮ್ಮ ಕೇಳಿದರು, “ಏನ್ ಓದ್ತೀಯಪ್ಪಾ?”

“ಈ ವರ್ಷ ಎಲ್ಲಾನೂ ಸ್ವಲ್ಪ ಸ್ವಲ್ಪ ಅಮ್ಮಾ. ಆಮೇಲೆ ಒಂದನ್ನ ಹಿಡೀಬೇಕು. ಯಾವುದು ಅಂತ ಇನ್ನೂ ಗೊತ್ತಿಲ್ಲ.”

“ಎಲ್ಲಿಗೆ ಅಂತ ಗೊತ್ತಿಲ್ದೇನೇ ರೈಲ್ ಏರಿದ್ಯಾ?”

ಬೋಗಿಗೆ ಬೋಗಿಯೇ ನಕ್ಕಿತು. ಮಾನ ಉಳಿಸಿಕೊಳ್ಳಲು, “ಗಿಡಗಳ ಪಾಠಾನೂ ಇದೆ” ಎಂದೆ. ಮರುದಿನವೇ ನಂಜಮ್ಮನ ತೋಟದ, ಬೂದಿ ಮೆತ್ತಿದಂಥ ದ್ರಾಕ್ಷಿ ಎಲೆಯೊಂದು ನನ್ನ ತೊಡೆಯ ಮೇಲೆ ಬಿತ್ತು. ಬಾಟನಿ ಮೇಷ್ಟ್ರು ಅದನ್ನು ಮೈಕ್ರೋಸ್ಕೋಪಿನಲ್ಲಿ ತೋರಿಸಿ, ಗಂಧಕದ ಪುಡಿ ಉದುರಿಸಲು ಹೇಳು ಎಂದರು. ಹೇಳಿದೆ. ಬಳ್ಳಿ ಚೇತರಿಸಿಕೊಂಡಿತು. ನನ್ನ ಗ್ರಹಚಾರ, ಆಮೇಲೆ ಬೋಗಿಯವರೆಲ್ಲ ಬದನೆ, ಅವರೆ ಅಂತ ಎಲೆ ತರತೊಡಗಿದರು. ನನಗೂ ಮೈಕ್ರೋಸ್ಕೋಪು ಬಿಟ್ಟು ಏಳಲು ಮನಸ್ಸಾಗುತ್ತಿರಲಿಲ್ಲ.

ವರ್ಷ ಮುಗಿದಾಗ ಬಾಟನಿಯನ್ನೇ ಮುಖ್ಯ ವಿಷಯವಾಗಿ ಆರಿಸಿಕೊಂಡೆ. “ಇನ್ಮೇಲೆ ಗಿಡಗಳದ್ದೇ ಓದು” ಎಂದು ನಂಜಮ್ಮನಿಗೆ ಹೆಮ್ಮೆಯಿಂದ ಹೇಳಿದೆ.

ನನ್ನತ್ತ ಚಾಚಿದ್ದ ಎಲೆಯನ್ನು ಆಕೆ ಹಿಂದಕ್ಕೆ ಎಳೆದುಕೊಂಡರು. “ಅಂಗಾರೆ ಇಷ್ಟ್ ದಿನ ಓದ್ದೇನೇ ಔಷ್ದಿ ಯೇಳ್ತಿದ್ಯಾ?”

“ಔಷಧಿ ಹೇಳ್ತಿದ್ದದ್ದು ನಮ್ಮ ಮೇಷ್ಟ್ರು ಅಮ್ಮಾ” ಎಂದು ಒಪ್ಪಿಕೊಂಡೆ.

ನನಗೆ ಡಿಗ್ರಿ ಬಂದ ಮೇಲೂ ಆಕೆ, “ಯಾವ್ದಕ್ಕೂ ನಿಮ್ ಮೇಷ್ಟ್ರುನ್ ಒಂದ್ ಮಾತ್ ಕೇಳು” ಅನ್ನುವುದನ್ನು ಬಿಡಲಿಲ್ಲ.