ಅಕ್ಕ ಕೇಳುವುದು ಮಂಜಪ್ಪನವರ ಮಾತು

ಕಳೆದ ತಿಂಗಳು ಒಂದು ದಿನ ಬೆಳಗ್ಗೆ ನಾನು ಒಬ್ಬರ ಮನೆಯ ಜಗುಲಿಯಲ್ಲಿ ಸರದಿಗಾಗಿ ಕಾದು ಕುಳಿತಿದ್ದೆ. ನಾನು! ಮೂಢನಂಬಿಕೆಯ ವಿರುದ್ಧ ಊರೂರಲ್ಲಿ ಭಾಷಣ ಬಿಗಿಯುವ, ಇದೇ ಜಾಗದಲ್ಲಿ ವಾರವಾರ ನಿಮ್ಮ ತಲೆ ತಿನ್ನುವ ನಾನು. ಪಕ್ಕದಲ್ಲಿ ಹಣೆಗೆ ಸೆರಗು ಎಳೆದುಕೊಂಡ ನನ್ನ ಅಕ್ಕ ಸರೋಜ. ಎದುರಿಗೆ, ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚುವ ಮಂಜಪ್ಪನವರು.

ಆ ಜಗುಲಿ ತುಂಬಿದ್ದನ್ನು ನೋಡಿ ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಹೊಟ್ಟೆಕಿಚ್ಚು.

ಯಾಕೆ ಅಂತೀರಾ? ಅದಕ್ಕೆ ಸ್ವಲ್ಪ ಮುಂಚೆ ತೀರ್ಥಹಳ್ಳಿಯಲ್ಲಿ ನನ್ನ ಭಾಷಣವಿತ್ತು. ವಿಷಯ: ಜನಸಾಮಾನ್ಯರಲ್ಲಿ ವೈಚಾರಿಕ ಮನೋಭಾವ. ಫ್ಲೆಕ್ಸ್ ಹಾಕಿದ್ದರು, ಮೈಕ್ ಇತ್ತು, ಕೊನೆಗೆ ಉಪ್ಪಿಟ್ಟು ಕಾಫಿಯೂ ಇತ್ತು. ಜನಸಾಮಾನ್ಯರು ಮಾತ್ರ ಇರಲಿಲ್ಲ. ಬಂದವರೆಲ್ಲ ಮೊದಲೇ ವಿಚಾರವಾದಿಗಳು, ಅವರಲ್ಲೂ ಹೆಚ್ಚಿನವರು ನನ್ನ ನಂತರ ಮಾತಾಡಬೇಕಿದ್ದವರು. ಮಂಜಪ್ಪನವರಿಗೆ ಫ್ಲೆಕ್ಸೂ ಇಲ್ಲ, ಬೋರ್ಡೂ ಇಲ್ಲ. ಆದರೂ ಸಾಗರದಿಂದ, ಕಾರ್ಗಲ್‌ನಿಂದ ಜನ ಕಾರು ಮಾಡಿಕೊಂಡು ಹೊಸನಗರದ ಈ ಮೂಲೆಗೆ ಬಂದಿದ್ದರು. (ಅವರಲ್ಲೊಬ್ಬರು ಹೈಸ್ಕೂಲಿನ ಸೈನ್ಸ್ ಮೇಷ್ಟ್ರು. ನನ್ನನ್ನು ನೋಡಿ ಅವರು ಗೋಡೆ ಕಡೆ ತಿರುಗಿದರು, ಅವರನ್ನು ನೋಡಿ ನಾನು ಮೊಬೈಲ್ ತೆಗೆದೆ.)

ಆಗಿದ್ದಿಷ್ಟು. ರಿಪ್ಪನ್‌ಪೇಟೆಯಲ್ಲಿರುವ ಅಕ್ಕನ ಹಣೆಯ ಬಲಗಡೆ ಗುಳ್ಳೆಗಳೆದ್ದವು. ಸರ್ಪಸುತ್ತು. ನಮ್ಮ ಕಡೆ ಅದಕ್ಕೆ ಡಾಕ್ಟರ ನೆನಪಾಗುವುದಿಲ್ಲ, ಮಣ್ಣಿನ ನೆನಪಾಗುತ್ತದೆ. ಕೆಮ್ಮಣ್ಣು ಕಲಸಿ, ಗುಳ್ಳೆ ಮುಂದೆ ಹರಿಯದಂತೆ ಸುತ್ತ ಹಚ್ಚಿ, ಮಂತ್ರ ಹೇಳಬೇಕು. ಸರ್ಪದ ತಲೆಯೂ ಬಾಲವೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲವಂತೆ. ಮಣ್ಣು ಹಚ್ಚಿದಷ್ಟು ದಿನ ಇಂಗ್ಲಿಷ್ ಮಾತ್ರೆ ಮುಟ್ಟುವಂತಿಲ್ಲ, ಮುಟ್ಟಿದರೆ ವಿಷ ಒಳಗಿಳಿಯುತ್ತದಂತೆ. ಇದು ವೈರಸ್‌ನಿಂದ ಬರುವ ಕಾಯಿಲೆ, ಬಹಳ ಜನರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಒಣಗುತ್ತದೆ, ಕ್ರೆಡಿಟ್ ಮಾತ್ರ ಮಣ್ಣಿಗೆ ಹೋಗುತ್ತದೆ ಎಂದು ನಾನೇ ಬರೆದಿದ್ದೆ. ಅಕ್ಕ ಓದಿರಲಿಲ್ಲ.

ಅಕ್ಕನಿಗೆ ಗುಳ್ಳೆ ರೆಪ್ಪೆಗೂ ಇಳಿದಿತ್ತು. ಕಣ್ಣು ಕೆಂಪಾಗಿತ್ತು. ಫೋಟೋ ತೆಗೆದು ಡಾಕ್ಟರ್ ಗೆಳೆಯನಿಗೆ ವಾಟ್ಸಾಪ್ ಮಾಡಿದೆ. ತಕ್ಷಣ ಫೋನ್ ಬಂತು. "ಇವತ್ತೇ ಕಣ್ಣಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗು. ತಡ ಮಾಡಿದ್ರೆ ಕಣ್ಣೇ ಹೋಗಬಹುದು."

ಅಕ್ಕನಿಗೆ ಹೇಳಿದೆ. ಬೇಡಿಕೊಂಡೆ. ಮೊಬೈಲಿನಲ್ಲಿ ವೈರಸ್ಸಿನ ಚಿತ್ರ ತೋರಿಸಿದೆ. ಅವಳು ಕೇಳುವಷ್ಟು ಕೇಳಿ, "ನಿಂದು ಮುಗೀತಾ ಮಾರಾಯ? ಹಾಗಾದ್ರೆ ಮಂಜಪ್ಪನವರ ಮನೆಗೆ ಬಿಡು" ಅಂದಳು. ಕಾರು ನನ್ನದು, ಪೆಟ್ರೋಲ್ ನನ್ನದು, ದಾರಿ ಅವಳದ್ದು.

ಜಗುಲಿಯಲ್ಲಿ ಮಂಜಪ್ಪನವರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳುತ್ತಿದ್ದರು. "ಉರಿ ಹೆಂಗಿದೆ? ರಾತ್ರಿ ನಿದ್ದೆ ಬಂತಾ? ಊಟ ಸೇರ್ತದಾ?" ನಾನೂ ಜನರ ಜೊತೆ ಪ್ರಶ್ನೋತ್ತರ ನಡೆಸುತ್ತೇನೆ, ಭಾಷಣದ ಕೊನೆಗೆ, 'ಸಂದೇಹಗಳಿದ್ದರೆ ಕೇಳಿ' ಎಂದು. ಯಾರೂ ಕೇಳುವುದಿಲ್ಲ. ಇಲ್ಲಿ ಜನ ಹೇಳಿದ್ದನ್ನೇ ಇನ್ನೊಮ್ಮೆ ಹೇಳುತ್ತಿದ್ದರು, ಆ ಮನುಷ್ಯ ತಲೆಯಾಡಿಸುತ್ತಿದ್ದರು. ನನಗೆ ಇನ್ನಷ್ಟು ಉರಿಯಿತು.

ನಮ್ಮ ಸರದಿ ಬಂತು. ಅವರು ನನ್ನ ಮುಖ ನೋಡಿ, "ಪೇಪರಲ್ಲಿ ಬರೆಯೋರಲ್ದಾ ನೀವು? ಓದ್ತೀನಿ. ಚೆನ್ನಾಗ್ ಬರೀತೀರಿ" ಎಂದರು. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅಂಗಳದ ಮೂಲೆಗೆ ಕರೆದೆ. ಡಾಕ್ಟರು ಹೇಳಿದ್ದನ್ನು ಹೇಳಿದೆ.

"ಮಣ್ಣು ಹಚ್ಬೇಡಿ ಅಂತೀರಾ?" ಎಂದರು.

"ರೆಪ್ಪೆಗೆ, ಕಣ್ಣಿನ ಹತ್ರ ಬೇಡವೇ ಬೇಡ. ಡಾಕ್ಟ್ರ ಹತ್ರ ಹೋಗಿ ಅಂತ ನೀವು ಹೇಳಿ. ನನ್ನ ಮಾತು ಅವಳು ಕೇಳಲ್ಲ."

"ನಂದೆಲ್ಲ ಸುಳ್ಳು ಅಂತ ಬರ್ದಿದ್ರಲ್ಲ?"

"ಬರ್ದಿದ್ದೆ. ಈಗ್ಲೂ ಹಾಗೇ ಅನ್ಸುತ್ತೆ. ಆದ್ರೂ ಹೇಳಿ."

ಅವರಿಗೆ ನಗು ಬಂತು. ನನಗೆ ಬರಲಿಲ್ಲ. ಯಾರ ವಿರುದ್ಧ ಬರೆದಿದ್ದೇನೋ ಅವರ ಮುಂದೆ ಕೈ ಮುಗಿದು ನಿಂತಿದ್ದೆ. ಬೇರೆ ದಾರಿ ಇತ್ತಾ, ಹೇಳಿ?

ಮಂಜಪ್ಪನವರು ಜಗುಲಿ ಹತ್ತಿ, "ಸರೋಜಮ್ಮ, ಇದು ಕಣ್ಣಿಗೆ ಇಳಿದದೆ. ಇದು ನನ್ನಿಂದ ಆಗೋದಲ್ಲ. ಈಗ್ಲೇ ಕಣ್ಣಿನ ಡಾಕ್ಟ್ರ ಹತ್ರ ಹೋಗಿ, ಮಾತ್ರೆ ಕೊಟ್ರೆ ತಗಳಿ, ಎಂತ ಆಗಲ್ಲ" ಎಂದರು.

ಅಷ್ಟೇ. ವೈರಸ್ ಇಲ್ಲ, ಚಿತ್ರ ಇಲ್ಲ. ಅಕ್ಕ ಎದ್ದು ನಿಂತೇಬಿಟ್ಟಳು. "ನೋಡ್ತಾ ನಿಂತಿದೀಯಲ್ಲ, ಗಾಡಿ ತೆಗಿಯೋ!"

ಆ ಮಧ್ಯಾಹ್ನವೇ ಸಾಗರದಲ್ಲಿ ಡಾಕ್ಟರು ನೋಡಿದರು. ಮಾತ್ರೆ, ಕಣ್ಣಿಗೆ ಡ್ರಾಪ್ಸ್. ಸರಿಯಾದ ಹೊತ್ತಿಗೆ ಬಂದಿರಿ ಎಂದರು. ಕಣ್ಣು ಉಳಿಯಿತು.

ಈಗ ಅಕ್ಕ ಊರಿಗೆಲ್ಲ ಹೇಳುತ್ತಿದ್ದಾಳೆ, ಮಂಜಪ್ಪನವರಿಂದ ತನ್ನ ಕಣ್ಣು ಉಳಿಯಿತು ಎಂದು. ಕೇಳಿ ಕೇಳಿ ತಡೆಯಲಾಗಲಿಲ್ಲ.

"ವಾಸಿಯಾಗಿದ್ದು ಮಾತ್ರೆಯಿಂದ ಕಣೇ" ಎಂದೆ.

"ಹೌದು. ಮಾತ್ರೆ ತಗಳಿ ಅಂದಿದ್ದು ಯಾರು?"

"ಅದಕ್ಕೂ ಮುಂಚೆ ನಾನು ಹೇಳಿರಲಿಲ್ವಾ?"

"ನೀನು ಹೇಳಿದ್ರೆ ನಾನು ತಗಳ್ತಿದ್ನಾ?"



ಹಾಗಂತ ನಾನು ಮಂಜಪ್ಪನವರ ಭಕ್ತನಾಗಿಲ್ಲ. ಅವತ್ತು ಹೇಳಿಸಿದ್ದರಿಂದ ಹೇಳಿದರು. ಹಿಂದೆ ಬಿದ್ದು ಹೇಳಿಸುವ ತಮ್ಮನಿಲ್ಲದವರು ಆ ಜಗುಲಿಗೆ ಎಷ್ಟು ಜನ ಬಂದು ಹೋಗಿರಬಹುದು? ಅವರ ಕಣ್ಣುಗಳ ಕಥೆ ಏನಾಯಿತು? ಇದನ್ನು ನೆನೆದರೆ ಸಿಟ್ಟು ಬರುತ್ತದೆ. ಆದರೆ ಸಿಟ್ಟಿನ ಬೆನ್ನಿಗೇ ಆ ಹಾಳು ಹೊಟ್ಟೆಕಿಚ್ಚು. ನನ್ನ ಕೈಲಿ ಪುರಾವೆ ಇದೆ, ಡಾಕ್ಟರಿದ್ದಾರೆ, ವಿಜ್ಞಾನವೇ ಇದೆ. ಅವರ ಹತ್ತಿರ ಇರುವುದು ಒಂದು ಬಟ್ಟಲು ಕೆಮ್ಮಣ್ಣು ಮತ್ತು ನನ್ನ ಅಕ್ಕನ ನಂಬಿಕೆ. ನಂಬಬೇಡಿ, ನಂಬಬೇಡಿ ಎಂದು ಕೂಗಿ ಗಂಟಲು ಕಟ್ಟಿಸಿಕೊಂಡ ನಮ್ಮಂಥವರು, ನಮ್ಮನ್ನು ನಂಬಿ ಅನ್ನುವುದಕ್ಕೆ ಯಾರ ಪಕ್ಕದಲ್ಲಿ ಎಷ್ಟು ಹೊತ್ತು ಕೂತಿದ್ದೇವೆ?

ಇರಲಿ, ಎದೆ ಮುಟ್ಟಿಕೊಂಡು ಹೇಳಿ: ಇದನ್ನು ಓದಿದ ಮೇಲೆ ನೀವು ನನಗೆ ಫೋನ್ ಮಾಡಿ ಕೇಳುವುದು ಆ ಡಾಕ್ಟರ ವಿಳಾಸವನ್ನೋ, ಮಂಜಪ್ಪನವರದ್ದೋ?