ಹೆಬ್ಬೆರಳೆತ್ತರದ ಅಂತರ್ಯುದ್ಧ

ಹೆಬ್ಬೆರಳೆತ್ತರದ ಸೈನಿಕನೊಬ್ಬನ ಪ್ಯಾಂಟಿಗೆ ಬಣ್ಣ ಹಚ್ಚುವುದು ಇಡೀ ಮನೆಗೆ ಸುಣ್ಣ ಹೊಡೆಯುವುದಕ್ಕಿಂತ ಕಷ್ಟದ ಕೆಲಸವೆಂಬುದನ್ನು, ಓದುಗ ಮಿತ್ರರೇ, ನಾನು ಐವತ್ತರ ಅಂಚಿನಲ್ಲಿ, ಕನ್ನಡಕದ ಮುಂದೆ ಭೂತಗನ್ನಡಿಯನ್ನೂ ಹಿಡಿದುಕೊಂಡು ಕಲಿತೆ. ಗೋಡೆಗೆ ಹೊಡೆಯುವಾಗ ಕೈ ತಪ್ಪಿದರೆ ಗೋಡೆ ಗೋಡೆಯಾಗಿಯೇ ಉಳಿಯುತ್ತದೆ. ಸೈನಿಕನ ವಿಷಯದಲ್ಲಿ ಕೈ ತಪ್ಪಿದರೆ ಅವನು ಶತ್ರುಪಕ್ಷಕ್ಕೆ ಸೇರಿಹೋಗುತ್ತಾನೆ.

ಹಡಗಿನಲ್ಲಿ ಕೆಲಸ ಮಾಡುವ ನನ್ನ ಹೆಂಡತಿಯ ತಮ್ಮ, ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ, ಊರಿಗೆ ಬಂದವನು ನನಗೊಂದು ಪೆಟ್ಟಿಗೆ ಕೊಟ್ಟ. ಅದರೊಳಗೆ ಅಮೆರಿಕದ ಅಂತರ್ಯುದ್ಧದ ಎರಡು ಸೈನ್ಯಗಳು ಬಣ್ಣವಿಲ್ಲದ ಪ್ಲಾಸ್ಟಿಕ್ಕಿನಲ್ಲಿ ಒಂದರ ಮೇಲೊಂದು ಮಲಗಿದ್ದವು. ಅವನ್ನು ಮೇಜಿನ ಮೇಲೆ ನಿಲ್ಲಿಸಿ ದಾಳ ಹಾಕಿ ಯುದ್ಧ ಆಡುವ ಕ್ರಮವನ್ನು ವಿವರಿಸುವ ನಿಯಮಪುಸ್ತಕವೂ ಇತ್ತು. ಬಾವ ಇತಿಹಾಸದ ಉಪನ್ಯಾಸಕ, ಆದ್ದರಿಂದ ಯುದ್ಧಪ್ರಿಯ ಎಂಬುದು ಅವನ ತರ್ಕ. ನಿಜ ಹೇಳಬೇಕೆಂದರೆ, ಭಟ್ಕಳದ ಕಾಲೇಜಿನಲ್ಲಿ ನಾನು ವರ್ಷಗಟ್ಟಲೆ ಕಲಿಸಿದ್ದು ಯುದ್ಧದ ಕಾರಣಗಳನ್ನು ಮತ್ತು ಪರಿಣಾಮಗಳನ್ನು. ನಡುವೆ ನಡೆಯುವ ಯುದ್ಧ ಪರೀಕ್ಷೆಗೆ ಬರುವುದಿಲ್ಲವಾದ್ದರಿಂದ ಅದನ್ನು ನಾನೂ ಓದಿರಲಿಲ್ಲ.

ಬಣ್ಣಕ್ಕೆಂದು ಭಟ್ಕಳದ ಪೇಟೆಯ ಅಂಗಡಿಗೆ ಹೋದೆ. ಉತ್ತರದವರಿಗೆ ನೀಲಿಯದೊಂದು, ದಕ್ಷಿಣದವರಿಗೆ ಬೂದಿಬಣ್ಣದ್ದೊಂದು ಸಣ್ಣ ಡಬ್ಬಿ ಕೇಳಿದಾಗ ಅಂಗಡಿಯ ಸಾಹೇಬರು, “ಗೇಟಿಗಾ ಸರ್, ಕಿಟಕಿಗಾ?” ಎಂದರು. “ಸೈನ್ಯಕ್ಕೆ” ಎಂದೆ. ಅವರು ನನ್ನನ್ನು ಅರೆಗಳಿಗೆ ನೋಡಿ, “ಒಂದು ಕೋಟ್ ಸಾಕಾಗೋದಿಲ್ಲ” ಎಂದರು. ಅದು ಸರಿಯಾದ ಮಾತಾಗಿತ್ತು. ಆದರೆ ಬಣ್ಣ ಹಚ್ಚುವ ಮೊದಲು ಸೈನಿಕರನ್ನು ಸೋಪಿನ ನೀರಲ್ಲಿ ತೊಳೆದು ಎಣ್ಣೆಯ ಪಸೆ ತೆಗೆಯಬೇಕೆಂಬುದು ಅವರಿಗೂ ಗೊತ್ತಿರಲಿಲ್ಲ, ನಿಯಮಪುಸ್ತಕದ ಆ ಪುಟವನ್ನು ಓದದೆ ದಾಟಿದ ನನಗೂ ಗೊತ್ತಿರಲಿಲ್ಲ. ಮರುದಿನ ಉತ್ತರದವರ ನೀಲಿ ಕೋಟುಗಳು ಹಾಲಿನ ಕೆನೆಯಂತೆ ಎದ್ದುಬಂದವು. ಎರಡೂ ಸೈನ್ಯಗಳನ್ನು ಅಕ್ಕಿ ತೊಳೆಯುವ ಬುಟ್ಟಿಗೆ ಹಾಕಿ ಹಿತ್ತಿಲ ನಲ್ಲಿಯಡಿ ತಿಕ್ಕುತ್ತಿದ್ದಾಗ ಹೆಂಡತಿ ಬಾಗಿಲಲ್ಲಿ ನಿಂತು, “ಎಂತ ಮಾಡ್ತಿದ್ರಿ?” ಎಂದು ಕೇಳಿದಳು. ಉತ್ತರ ಹೇಳಿದೆ. ಅವಳು ಹೊಸ ಬುಟ್ಟಿಯೊಂದನ್ನು ಕೊಂಡಳು.

ಸೈನ್ಯ ಸಿದ್ಧವಾದ ಮೇಲೆ ರಣರಂಗ ಕಷ್ಟವಾಗಲಿಲ್ಲ. ಹಸಿರು ಚಾದರದಡಿ ಪುಸ್ತಕಗಳನ್ನಿಟ್ಟರೆ ಗುಡ್ಡ; ಹಳೆಯ ನೀಲಿ ಲುಂಗಿಯ ಪಟ್ಟಿ ಹೊಳೆ; ದೂರ ಅಳೆಯಲು ದರ್ಜಿಯ ಟೇಪು. ಕಷ್ಟವಾದದ್ದು ಎದುರಾಳಿ. ಅರ್ಥಶಾಸ್ತ್ರದ ಸಹೋದ್ಯೋಗಿಯೊಬ್ಬರು, ಆ ಯುದ್ಧದಲ್ಲಿ ನಿಜಕ್ಕೂ ಯಾರು ಗೆದ್ದರೆಂದು ವಿಚಾರಿಸಿ, ಗೆದ್ದಾಗಿದ್ದರೆ ಮತ್ತೆ ಯಾಕೆ ಎಂದು ಎದ್ದುಹೋದರು. ನಾನೊಬ್ಬನೇ ಎರಡೂ ಕಡೆ ಕೂತು ಆಡಿದೆ. ಎಷ್ಟೇ ನಿಷ್ಪಕ್ಷಪಾತಿಯಾಗಿದ್ದರೂ ನೀಲಿಯವರೇ ಗೆಲ್ಲುತ್ತಿದ್ದರು, ಏಕೆಂದರೆ ಅವರ ಬಣ್ಣ ಚೆನ್ನಾಗಿ ಬಂದಿತ್ತು.

ಈಗ ಮಂಜಣ್ಣನ ಸಂಗತಿ ಹೇಳಬೇಕು. ಮಂಜಣ್ಣ ನನ್ನ ದೊಡ್ಡಪ್ಪನ ಮಗ, ಮುರ್ಡೇಶ್ವರದ ಲಾಡ್ಜೊಂದರ ಮ್ಯಾನೇಜರು. ಹಳದೀಪುರದಲ್ಲಿ ನಮ್ಮ ಮನೆಗಳು ಒತ್ತೊತ್ತಿಗೇ ಇವೆ. ನಮ್ಮ ಅಂಗಳದಿಂದ ಹೆದ್ದಾರಿಗೆ ಹೋಗುವ ದಾರಿ ಅವನ ತೆಂಗಿನ ತೋಟದ ಮೇಲೆ ಹೋಗುತ್ತದೆ. ಹೋಗುತ್ತದೆಯೋ ಇಲ್ಲವೋ ಎಂಬುದೇ ಹೊನ್ನಾವರದ ಕೋರ್ಟಿನಲ್ಲಿದ್ದ ವ್ಯಾಜ್ಯ. ಅವನು ಬೇಲಿ ಹಾಕಿದ, ನಾನು ದಾವೆ ಹಾಕಿದೆ, ಮಾತು ನಿಂತಿತು. ಅದರ ಜೊತೆಗೆ ಇನ್ನೊಂದೂ ನಿಂತಿತು. ಅವನ ತಾಯಿ, ನನ್ನ ದೊಡ್ಡಾಯಿ, ಹೆತ್ತವಳನ್ನು ಎಳೆತನದಲ್ಲೇ ಕಳೆದುಕೊಂಡ ನನಗೆ ಅನ್ನ ಕಲಸಿ ಉಣ್ಣಿಸಿದವಳು. ಬೇಲಿಯಾಚೆ ಅವಳು ಕೆಮ್ಮುವುದು ನನ್ನ ಕೋಣೆಗೆ ಕೇಳುತ್ತಿತ್ತು. ಹೋಗಿ ನೋಡಲು ದಾವೆ ಬಿಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಭಟ್ಕಳದ ಬಸ್ಸಿನಲ್ಲಿ ಖಾಲಿಯಿದ್ದ ಒಂದೇ ಸೀಟು ಮಂಜಣ್ಣನ ಪಕ್ಕದ್ದಾಗಿತ್ತು. ಕೂತು, ನಿಯಮಪುಸ್ತಕ ಬಿಡಿಸಿ, ಅದರೊಳಗೆ ಅಡಗಿಕೊಂಡೆ. ಬಿಡಿಸಿದ ಪುಟದಲ್ಲಿ ಗುಡ್ಡ, ಹೊಳೆ, ಫಿರಂಗಿಗಳಿದ್ದ ರಣರಂಗದ ಚಿತ್ರವಿತ್ತು. ಶರಾವತಿಯ ಸೇತುವೆ ದಾಟುವಾಗ ಅವನು ಕಿಟಕಿಯ ಹೊರಗೆ ನೋಡುತ್ತಲೇ, ಹೊಳೆಯನ್ನು ಕೇಳುವವನಂತೆ ಕೇಳಿದ: “ಫಿರಂಗಿ ಗುಡ್ಡದ ಮೇಲೆ ಇಟ್ಟಾರಲ್ಲ, ಹೊಳೆ ದಾಟಿ ಬಂದವನಿಗೆ ಅದು ಮುಟ್ತದ್ಯಾ?”

“ಮುಟ್ತದೆ,” ನಾನು ಪುಸ್ತಕಕ್ಕೆ ಹೇಳಿದೆ. “ಟೇಪಿನಲ್ಲಿ ಅಳೀಬೇಕು.”

ಮುರ್ಡೇಶ್ವರದ ಕ್ರಾಸು ಬಂತು. ಅವನು ಎದ್ದು ನಿಂತು ಹೇಳಿದ: “ಮಳೆಗಾಲ. ಲಾಡ್ಜಿನ ಊಟದ ಹಾಲಿನಲ್ಲಿ ಮೇಜೆಲ್ಲ ಖಾಲಿ ಬಿದ್ದದೆ.”

ಹಾಗೆ ನಮ್ಮ ಯುದ್ಧ ಶುರುವಾಯಿತು. ಅವನ ಮನೆಗೆ ನಾನು ಹೋಗುವಂತಿರಲಿಲ್ಲ, ನನ್ನ ಮನೆಗೆ ಅವನು ಬರುವಂತಿರಲಿಲ್ಲ. ಲಾಡ್ಜು ತಟಸ್ಥ ರಾಷ್ಟ್ರ. ಭಾನುವಾರ ಮಧ್ಯಾಹ್ನ ಮೇಜುಗಳನ್ನು ಜೋಡಿಸಿ, ನಾನು ನೀಲಿ, ಅವನು ಬೂದಿ, ಎದುರುಬದುರು ಕೂರುತ್ತಿದ್ದೆವು. ಮಾತೇನಿದ್ದರೂ ಆಟದ್ದು. “ನಿನ್ನ ಕುದುರೆ ಅಲ್ಲಿಗೆ ಬರೂಕಾಗ್ತಿಲ್ಲ.” “ಅಳಿ ಬೇಕಾದ್ರೆ.” ಮರದ ಮರೆಯಲ್ಲಿರುವವನು ಕಾಣುತ್ತಾನೋ ಇಲ್ಲವೋ ಎಂದು ತೀರ್ಮಾನಿಸಲು ಸೈನಿಕನ ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಬೇಕೆಂಬುದು ನಿಯಮ, ಆದ್ದರಿಂದ ತಲೆ ನರೆತ ಇಬ್ಬರು ದಾಯಾದಿಗಳು ಮೇಜಿಗೆ ಕೆನ್ನೆಯಿಟ್ಟು, ಒಂದು ಕಣ್ಣು ಮುಚ್ಚಿ, ಒಬ್ಬರನ್ನೊಬ್ಬರು ದಿಟ್ಟಿಸುತ್ತಿದ್ದುದನ್ನು ಲಾಡ್ಜಿನ ಮಾಣಿಗಳು ನೋಡಿದ್ದಾರೆ. ಕುಮಟೆಯ ಸೈಬರ್ ಕೆಫೆಗೆ ಹೋಗಿ ಮಂಜಣ್ಣ ಎರಡೂ ಪಕ್ಷದ ಪುಟ್ಟ ಬಾವುಟಗಳನ್ನು ಬಣ್ಣದಲ್ಲಿ ಮುದ್ರಿಸಿ ತಂದ. ಶತ್ರುವಿನ ಬಾವುಟವನ್ನೂ ತಂದನಲ್ಲ ಎಂಬುದು ಮನೆಗೆ ಬಂದ ಮೇಲೆ ನನಗೆ ಹೊಳೆಯಿತು.

ಕೋರ್ಟಿನ ತಾರೀಖಿಗೂ ಒಂದೇ ಬಸ್ಸಿನಲ್ಲಿ ಹೋದೆವು. ವರಾಂಡದ ಬೆಂಚಿನ ಮೇಲೆ ಕೂತು ಬಲಪಾರ್ಶ್ವದಿಂದ ಸುತ್ತುವರಿಯುವುದರ ಸಾಧಕಬಾಧಕ ಚರ್ಚಿಸುತ್ತಿದ್ದಾಗ ನನ್ನ ವಕೀಲರು ನನ್ನನ್ನು ಪಕ್ಕಕ್ಕೆ ಕರೆದು, “ಎದುರು ಪಾರ್ಟಿ ಹತ್ರ ಹೀಗೆಲ್ಲ ಮಾತಾಡ್ಬಾರದು ಮಾಸ್ತರೇ, ಕೇಸು ಸಡಿಲ ಆಗ್ತದೆ” ಎಂದು ಎಚ್ಚರಿಸಿದರು.

ಆಮೇಲೊಂದು ಭಾನುವಾರ ಮಂಜಣ್ಣ ದಾಳ ಕೈಯಲ್ಲಿ ಹಿಡಿದವನು ಹಾಕಲಿಲ್ಲ. ಮಳೆ ಜೋರಾಗಿತ್ತು. “ನಿಂದೇ ಸರದಿ” ಎಂದೆ.

“ಆಯಿ ಹಾಸಿಗೆ ಹಿಡಿದಾಳೆ,” ಅವನು ಸೈನ್ಯವನ್ನೇ ನೋಡುತ್ತ ಹೇಳಿದ. “ಪ್ರತಿ ಭಾನುವಾರ ಕೇಳ್ತಾಳೆ, ಯಾರು ಗೆದ್ರು ಅಂತ. ನಿನ್ನ ಹೆಸರು ನಾ ಹೇಳಿರ್ಲಿಲ್ಲ. ಅವಳಿಗೆ ಹೆಂಗೋ ಗೊತ್ತಾಗ್ಯದೆ.”

ನಾನು ಪೆಟ್ಟಿಗೆಯ ಮುಚ್ಚಳ ತೆಗೆದೆ. “ಸೈನ್ಯ ಪೆಟ್ಟಿಗೆಗೆ ತುಂಬು” ಎಂದೆ.

ಹಳದೀಪುರದಲ್ಲಿ ಬಸ್ಸಿಳಿದು ಬಂದಾಗ ಬೇಲಿಯ ಬಾಗಿಲನ್ನು ಅವನೇ ತೆಗೆದ. ದೊಡ್ಡಾಯಿ ಜಗಲಿಯ ಮಂಚದ ಮೇಲೆ, ನನ್ನ ನೆನಪಿಗಿಂತ ತೀರಾ ಚಿಕ್ಕವಳಾಗಿ ಮಲಗಿದ್ದಳು. ಇಷ್ಟು ವರ್ಷ ಎಲ್ಲಿ ಹೋಗಿದ್ದಿ ಎಂದು ಅವಳು ಕೇಳಬಹುದೆಂದು ದಾರಿಯುದ್ದಕ್ಕೂ ಉತ್ತರ ಹುಡುಕುತ್ತ ಬಂದಿದ್ದೆ. ಅವಳು ಕೇಳಲಿಲ್ಲ. “ಸಪೂರ ಆಗಿದ್ದಿ” ಎಂದಳು, ನನ್ನ ಹೊಟ್ಟೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ. ನಂತರ, “ಎಲ್ಲಿ, ತೋರ್ಸಿ ನಿಮ್ಮ ಲಡಾಯಿ” ಎಂದಳು.

ಮಂಚದ ಪಕ್ಕಕ್ಕೆ ಮೇಜು ಎಳೆದು, ನಿಂತಿದ್ದ ಯುದ್ಧವನ್ನು ನೆನಪಿನಿಂದ ಮತ್ತೆ ಹೂಡಿದೆವು. ಹೊಳೆಯ ದಂಡೆಯಲ್ಲಿ ನನ್ನ ನೀಲಿಯ ತುಕಡಿಯೊಂದು ಅರ್ಧಕ್ಕರ್ಧ ಸತ್ತಿತ್ತು. ಇಂಥ ಹೊತ್ತಿನಲ್ಲಿ ಉಳಿದವರ ಧೈರ್ಯದ ಪರೀಕ್ಷೆ ಆಗಬೇಕು: ದಾಳದಲ್ಲಿ ಹೆಚ್ಚು ಬಿದ್ದರೆ ನಿಲ್ಲುತ್ತಾರೆ, ಕಡಿಮೆ ಬಿದ್ದರೆ ಓಡುತ್ತಾರೆ. ದೊಡ್ಡಾಯಿಗೆ ಹಾಗೆಂದು ವಿವರಿಸಿ ದಾಳವನ್ನು ಅವಳ ಅಂಗೈಯಲ್ಲಿಟ್ಟೆ. ಅದು ಬೆರಳ ಸಂದಿಯಿಂದ ಜಾರಿ ಮೇಜಿನ ಮೇಲೆ ಉರುಳಿತು. ಒಂದು ಬಿತ್ತು.

“ಎಂತ ಆತು?” ಎಂದಳು.

“ಓಡಿಹೋದ್ರು ದೊಡ್ಡಾಯಿ. ಸೋತೆ ನಾನು.”

“ಓಡ್ಲಿ ಬಿಡು,” ಅವಳು ಹೇಳಿದಳು. “ಮನೆಗೆ ಹೋಗಿ ಉಣ್ತಾವೆ.”

ಓಡಿದ ತುಕಡಿಯನ್ನು ಮೇಜಿನಿಂದ ತೆಗೆದುಬಿಡಬೇಕೆಂದು ನಿಯಮಪುಸ್ತಕ ಹೇಳುತ್ತದೆ. ತೆಗೆದು ಎಲ್ಲಿಡಬೇಕೆಂದು ಹೇಳುವುದಿಲ್ಲ. ನಾನು ಆ ನೀಲಿಯವರನ್ನು ಒಬ್ಬೊಬ್ಬರನ್ನಾಗಿ ಎತ್ತಿ ದೊಡ್ಡಾಯಿಯ ಕೈಗೆ ಕೊಟ್ಟೆ. ಅವಳು ಅವರನ್ನು ತಲೆದಿಂಬಿನ ಪಕ್ಕದಲ್ಲಿ ಮಲಗಿಸಿ, ಸೀರೆಯ ಸೆರಗು ಹೊದೆಸಿದಳು. ಮಂಜಣ್ಣ ಟೇಪು ಸುತ್ತಿಡುತ್ತ, ಒಳಗಿದ್ದ ತನ್ನ ಹೆಂಡತಿಗೆ ಕೂಗಿ ಹೇಳಿದ, ಇನ್ನೊಂದು ಬಾಳೆಲೆ ಹಾಕಲಿಕ್ಕೆ.